ಹಳೆಯ ಹೆಂಚಿನ ಮನೆ ಕೊಳ್ಳುವ ಮುನ್ನ ಅಟ್ಟ ಹತ್ತಲೇಬೇಕೇ?

ಮರಳಿ ಊರಿಗೆ
ಎಲ್ಲರಿಗೂ ನಮಸ್ಕಾರ. ಹದಿನಾರು ವರ್ಷ ಮೈಸೂರಿನ ಬಾಡಿಗೆ ಮನೆಗಳಲ್ಲಿ ಕಳೆದು ಈಗ ಕೊಡಗಿಗೆ ವಾಪಸು ಬರುವ ತಯಾರಿಯಲ್ಲಿದ್ದೇವೆ. ವಿರಾಜಪೇಟೆಯಿಂದ ಆರೇಳು ಕಿಲೋಮೀಟರ್ ದೂರದಲ್ಲಿ ಒಂದು ಹೆಂಚಿನ ಮನೆ ನೋಡಿದ್ದೇವೆ. ಮಣ್ಣಿನ ಗೋಡೆ, ಮುಂದೆ ಉದ್ದದ ಜಗಲಿ, ಹಿಂದೆ ನಾಲ್ಕು ಕಿತ್ತಳೆ ಗಿಡ. ನಡುಮನೆಗೆ ಮುಚ್ಚಿಗೆಯೇ ಇಲ್ಲ, ಕತ್ತೆತ್ತಿದರೆ ನೇರವಾಗಿ ಹೆಂಚು ಕಾಣುತ್ತದೆ. ಅಷ್ಟು ಎತ್ತರ, ಅಷ್ಟು ಗಾಳಿ. ಆ ಕೋಣೆ ನೋಡಿಯೇ ನನ್ನವಳು ಮನಸೋತಳು.

ಪತ್ರಗಳನ್ನು ವಕೀಲರು ನೋಡಿದ್ದಾರೆ. ಬ್ಯಾಂಕಿನ ಕಡೆಯಿಂದ ಮೌಲ್ಯಮಾಪಕರು ಬಂದು ಅಳತೆ ಹಿಡಿದು, ಫೋಟೋ ತೆಗೆದು, ಚಹಾ ಕುಡಿದು ಹೋದರು. ಒಟ್ಟು ಇಪ್ಪತ್ತು ನಿಮಿಷ. ಉಳಿದ ಕೋಣೆಗಳ ಮೇಲೆ ಅಟ್ಟವಿದೆ, ಅದರ ಬಾಗಿಲಿಗೆ ಬೀಗ. ಕೇಳಿದರೆ ದಲ್ಲಾಳಿ, "ಅಲ್ಲಿ ಹಳೆಯ ಪಾತ್ರೆ, ಇಲಿ, ಧೂಳು ಬಿಟ್ಟರೆ ಏನೂ ಇಲ್ಲ. ನಿಮಗೇಕೆ ಆ ಉಸಾಬರಿ?" ಎಂದರು. ಇನ್ನೊಂದು ವಿಷಯ: ಮೂಲೆಯ ಕೋಣೆಯ ಮುಚ್ಚಿಗೆಗೆ ಮಾತ್ರ ಹೊಸದಾಗಿ ಬಿಳಿ ಬಣ್ಣ ಹೊಡೆದಿದ್ದಾರೆ. ಉಳಿದವು ಹಳೆಯ ಕಪ್ಪಿನಲ್ಲಿಯೇ ಇವೆ. ಹಟ ಹಿಡಿದು ಅಟ್ಟ ನೋಡಬೇಕೇ, ಅಥವಾ ನಾನೇ ಅತಿಯಾಗಿ ಯೋಚಿಸುತ್ತಿದ್ದೇನೆಯೇ?

ಸುಂಟಿಕೊಪ್ಪದ ಅಕ್ಕ
ಬೀಗ ತೆಗೆಯುವವರೆಗೆ ಒಂದು ರೂಪಾಯಿ ಮುಂಗಡ ಕೊಡಬೇಡಿ. ಮುಗಿಯಿತು.

ತೋಟದ ಲೆಕ್ಕಿಗ
ಅಕ್ಕ, ಅಟ್ಟಕ್ಕೆ ಬೀಗ ಹಾಕಿದವರೆಲ್ಲ ಕಳ್ಳರಲ್ಲ. ನಮ್ಮ ಮನೆಯ ಅಟ್ಟಕ್ಕೂ ಬೀಗವಿದೆ, ಏಕೆಂದರೆ ಅಲ್ಲಿ ಕರಿಮೆಣಸಿನ ಚೀಲಗಳಿವೆ. ಮೆಣಸಿಗೆ ಬೆಲೆ ಬಂದ ವರ್ಷ ಬಾಗಿಲನ್ನೇ ಮುರಿದು ಒಯ್ದ ಕಥೆಗಳು ಕಡಿಮೆಯೇ? ಕೇಳಿದರೆ ತೆಗೆದು ತೋರಿಸುತ್ತಾರೆ.

ಸುಂಟಿಕೊಪ್ಪದ ಅಕ್ಕ
ಕೇಳಿದ್ದಾರಲ್ಲ! ತೋರಿಸಲಿಲ್ಲವಲ್ಲ!

ನೇರಮಾತು ಗೋಣಿಕೊಪ್ಪ
ನನ್ನ ಅನುಭವ ಕೇಳಿ. ಬೆಂಗಳೂರಿನಲ್ಲಿರುವ ಅಳಿಯ ಫೋನಿನಲ್ಲಿ, "ಮಾವ, ಮನೆ ಕೊಳ್ಳುವ ಮೊದಲು ಸರ್ವೆ ಮಾಡಿಸಿ" ಎಂದ. ನಾನು ಹದ್ದುಬಸ್ತಿಗೆ ಅರ್ಜಿ ಹಾಕಿದೆ. ಕೆಲವು ತಿಂಗಳ ನಂತರ ಭೂಮಾಪಕರು ಬಂದು ನಾಲ್ಕು ಮೂಲೆಗೆ ಕಲ್ಲು ಗುರುತು ಮಾಡಿದರು. ಅಳಿಯ ಹೇಳಿದ್ದು ಮನೆಯ ಸ್ಥಿತಿ ತಪಾಸಣೆ ಎಂದು ಆಮೇಲೆ ತಿಳಿಯಿತು. ನಮ್ಮಲ್ಲಿ ಸರ್ವೆ ಎಂದರೆ ನೆಲದ್ದು ಮಾತ್ರ, ನೆತ್ತಿಯ ಮೇಲಿನದ್ದು ಯಾರಿಗೂ ಬೇಡ. ಬ್ಯಾಂಕಿನವರು ನೋಡುವುದೂ ಮನೆ ಎಷ್ಟು ಬೆಲೆ ಬಾಳುತ್ತದೆ ಎಂದು. ಮಾಡು, ಅಂದರೆ ಛಾವಣಿ, ಎಷ್ಟು ವರ್ಷ ಬಾಳುತ್ತದೆ ಎಂಬುದು ಅವರ ಕೆಲಸವಲ್ಲ.

ಸೋಮವಾರಪೇಟೆ ಬಡಗಿ
ಮೂವತ್ತು ವರ್ಷದಿಂದ ಮಾಡು ಬಿಚ್ಚಿ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರಪಡಬೇಡಿ.

ಮೊದಲು ಹೊರಗೆ ಅಂಗಳದಲ್ಲಿ ನಿಂತು ಮಾಡಿನ ನೆತ್ತಿಯ ಗೆರೆ ನೋಡಿ. ಅದು ಎತ್ತಿನ ಬೆನ್ನಿನ ಹಾಗೆ ನಡುವೆ ತಗ್ಗಿದ್ದರೆ ಒಳಗೆ ತೊಲೆ ಬಾಗಿದೆ ಎಂದು ಏಣಿ ಹತ್ತುವ ಮೊದಲೇ ಗೊತ್ತಾಗುತ್ತದೆ. ಮಂಗಳೂರು ಹೆಂಚು ಒಂದೊಂದು ಎರಡು, ಎರಡೂವರೆ ಕಿಲೋ ತೂಗುತ್ತದೆ, ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಸಾಧಾರಣ ಮನೆಯ ಮೇಲೂ ನಾಲ್ಕು ಟನ್ ಮಣ್ಣು ಕೂತಿರುತ್ತದೆ. ಮಳೆಯಲ್ಲಿ ನೀರು ಕುಡಿದರೆ ಇನ್ನೂ ಭಾರ. ಅದನ್ನೆಲ್ಲ ಹೊರುವುದು ಪಕಾಸು (ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಬರುವ ಮರ) ಮತ್ತು ರೀಪು (ಅದರ ಮೇಲೆ ಅಡ್ಡಲಾಗಿ ಹೊಡೆದ, ಹೆಂಚು ಕೂರುವ ಪಟ್ಟಿ).

ಮೇಲೆ ಹತ್ತಿದ ಮೇಲೆ ಟಾರ್ಚ್ ಆರಿಸಿ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿದ ನಂತರ ಎಲ್ಲೆಲ್ಲಿ ಬೆಳಕು ಬರುತ್ತದೆ ನೋಡಿ. ಆಮೇಲೆ ಟಾರ್ಚ್ ಹಚ್ಚಿ ಗೋಡೆಯ ಅಂಚಿಗೆ ಹೋಗಿ. ಹೆಚ್ಚಿನವರು ನಡುವೆ ನಿಂತು ಮೇಲೆ ನೋಡಿ ಇಳಿದುಬಿಡುತ್ತಾರೆ. ಮರ ಕೊಳೆಯುವುದು ಮೊದಲು ಪಕಾಸಿನ ಬುಡದಲ್ಲಿ, ಅದು ಗೋಡೆಯ ಮೇಲೆ ಕೂರುವ ಜಾಗದಲ್ಲಿ. ಅಲ್ಲಿ ಗಾಳಿಯಾಡುವುದಿಲ್ಲ, ಗೋಡೆಯ ತೇವ ಮರಕ್ಕೆ ಹತ್ತುತ್ತದೆ. ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿ ನೋಡಿ. ಗಟ್ಟಿ ಮರ ಒಳಗೆ ಬಿಡುವುದಿಲ್ಲ. ಬೆಂದ ಗೆಣಸಿನ ಹಾಗೆ ಮೊನೆ ಇಳಿದರೆ ಆ ಪಕಾಸಿನ ಕಥೆ ಮುಗಿಯಿತು.

ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಟೊಳ್ಳು ಶಬ್ದ ಬಂದರೆ ಗೆದ್ದಲು ಒಳಗೆ ತಿಂದು ಮೇಲೆ ಸಿಪ್ಪೆ ಮಾತ್ರ ಬಿಟ್ಟಿದೆ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಇದೆಯೇ ನೋಡಿ, ಅದೇ ಗೆದ್ದಲಿನ ದಾರಿ. ಒಂದು ಕಡೆ ಒಡೆದು ಬಿಟ್ಟು ನಾಲ್ಕು ದಿನ ಬಿಟ್ಟು ನೋಡಿದಾಗ ಮತ್ತೆ ಕಟ್ಟಿದ್ದರೆ ಗೆದ್ದಲು ಇನ್ನೂ ಮನೆಯಲ್ಲಿದೆ. ಕುಟ್ಟೆ ಹುಳಕ್ಕೆ ಬೇರೆ ಪರೀಕ್ಷೆ. ತೂತು ಇದ್ದ ಮಾತ್ರಕ್ಕೆ ಹೆದರಬೇಡಿ, ನೂರು ವರ್ಷದ ಮರದಲ್ಲಿ ಐವತ್ತು ವರ್ಷದ ಹಿಂದಿನ ತೂತುಗಳಿರುತ್ತವೆ. ಕೆಳಗೆ ಹಳೆಯ ಪತ್ರಿಕೆ ಹಾಸಿ ಬನ್ನಿ. ವಾರದ ನಂತರ ಅದರ ಮೇಲೆ ಅಕ್ಕಿ ಹಿಟ್ಟಿನ ಹಾಗೆ ಹುಡಿ ಬಿದ್ದಿದ್ದರೆ ಹುಳ ಜೀವಂತವಾಗಿದೆ.

ಕೊನೆಗೆ ಒಂದು ಮಾತು. ಅಟ್ಟದಲ್ಲಿ ಜಂತೆಯ ಮೇಲೆ, ಅಂದರೆ ಹಲಗೆಯನ್ನು ಹೊತ್ತ ಅಡ್ಡಮರದ ಮೇಲೆ, ಮಾತ್ರ ಕಾಲಿಡಿ. ಮುಚ್ಚಿಗೆ ಹಲಗೆಯನ್ನು ನಂಬಬೇಡಿ.

ತೋಟದ ಲೆಕ್ಕಿಗ
ಆ ಕೊನೆಯ ಮಾತಿಗೆ ನಾನು ಸಾಕ್ಷಿ. ನಮ್ಮ ಚಿಕ್ಕಪ್ಪ ಹುತ್ತರಿ ಹಬ್ಬಕ್ಕೆ ಮುಂಚೆ ದೊಡ್ಡ ಪಾತ್ರೆ ಇಳಿಸಲು ಅಟ್ಟ ಹತ್ತಿದವರು, ಹಲಗೆ ಮುರಿದು ಸೊಂಟದವರೆಗೆ ಇಳಿದು ಸಿಕ್ಕಿಕೊಂಡರು. ಕೆಳಗೆ ಊಟಕ್ಕೆ ಕೂತಿದ್ದ ನಮಗೆ ಎರಡು ಕಾಲು ಮಾತ್ರ ಕಾಣುತ್ತಿತ್ತು. ಇಂದಿಗೂ ಆ ಕೋಣೆಗೆ ಚಿಕ್ಕಪ್ಪನ ಕೋಣೆ ಎಂದೇ ಹೆಸರು.

ಹೊಸ ಸದಸ್ಯೆ ಮೂರ್ನಾಡು
ಬಡಗಿ ಅಣ್ಣ, ನಮ್ಮ ಅಟ್ಟದಲ್ಲಿ ಹೆಂಚಿನ ಸಂದುಗಳಿಂದ ನಕ್ಷತ್ರದ ಹಾಗೆ ಬೆಳಕು ಕಾಣುತ್ತದೆ. ಅಂದರೆ ಎಲ್ಲ ಕಡೆಯೂ ಸೋರುತ್ತದೆ ಎಂದೇ? ನಾಳೆಯೇ ಯಾರನ್ನಾದರೂ ಕರೆಸಬೇಕೇ?

ಸೋಮವಾರಪೇಟೆ ಬಡಗಿ
ಬೇಡ ತಂಗಿ. ಹೆಂಚಿನ ಮಡಿಕೆಗಳ ನಡುವೆ ಸಣ್ಣ ಬೆಳಕಿನ ಚುಕ್ಕೆ ಇರುವುದು ಸಹಜ. ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆ, ಬೆಳಕು ಓರೆಯಾಗಿ ನುಸುಳುತ್ತದೆ. ಬೆಳಕು ಅಂಗೈ ಅಗಲಕ್ಕೆ ಬಿದ್ದರೆ ಹೆಂಚು ಜಾರಿದೆ ಅಥವಾ ಒಡೆದಿದೆ. ಹೆಚ್ಚಾಗಿ ಮಂಗಗಳ ಕೃಪೆ.

ಬೆಟ್ಟದ ಬುಡ
ಕ್ಷಮಿಸಿ, ನೀವೆಲ್ಲ ಪಕಾಸು, ರೀಪು ಎಂದು ಮಾತನಾಡುತ್ತಿದ್ದೀರಿ. 2018ರ ಆಗಸ್ಟ್‌ನಲ್ಲಿ ನಮ್ಮ ಮಕ್ಕಂದೂರು ಕಡೆ ಮನೆಗಳು ಹೋದದ್ದು ಗೆದ್ದಲು ತಿಂದು ಅಲ್ಲ. ಗುಡ್ಡವೇ ಇಳಿದು ಬಂತು. ಜೋಡುಪಾಲದಲ್ಲೂ ಹಾಗೆಯೇ. ಮರುವರ್ಷ ತೋರ ಗ್ರಾಮದಲ್ಲಿ ಗುಡ್ಡ ಕುಸಿದು ಏನಾಯಿತು ಎಂದು ವಿರಾಜಪೇಟೆ ಕಡೆಯವರಿಗೆ ಹೇಳಬೇಕಿಲ್ಲ. ಮನೆಯ ಹಿಂದೆ ಗುಡ್ಡ ಕಡಿದು ಜಾಗ ಮಾಡಿದ್ದಾರೆಯೇ, ಮೇಲಿನ ನೀರು ಎಲ್ಲಿಗೆ ಹೋಗುತ್ತದೆ, ಅಂಗಳದಲ್ಲಿ ಬಿರುಕು ಇದೆಯೇ, ಮೊದಲು ಇದನ್ನು ನೋಡಿ. ಅಟ್ಟದ ವಿಷಯ ಆಮೇಲೆ.

ನೇರಮಾತು ಗೋಣಿಕೊಪ್ಪ
ಒಪ್ಪಿದೆ, ಆದರೆ ಅವರು ಕೇಳಿದ್ದು ಅಟ್ಟದ ಬಗ್ಗೆ. ಹಲ್ಲುನೋವಿಗೆ ಹೋದವನಿಗೆ ಹೃದಯ ತೋರಿಸು ಎಂದರೆ ಹೇಗೆ?

ಬೆಟ್ಟದ ಬುಡ
ಹೃದಯ ನಿಂತರೆ ಹಲ್ಲು ಇಟ್ಟುಕೊಂಡು ಏನು ಮಾಡುತ್ತೀರಿ?

ಸೋಮವಾರಪೇಟೆ ಬಡಗಿ
ಇಬ್ಬರೂ ಜಗಳವಾಡಬೇಡಿ. ಕೆಳಗೆ ನೆಲ ಸರಿದರೆ ಅದರ ಗುರುತು ಅಟ್ಟದಲ್ಲಿಯೂ ಸಿಗುತ್ತದೆ. ಕೆಳಗಿನ ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಹೊಡೆದು ಮುಚ್ಚಬಹುದು. ಅಟ್ಟದೊಳಗಿನ ತ್ರಿಕೋನ ಗೋಡೆಗೆ ಯಾರೂ ಬಣ್ಣ ಹೊಡೆಯುವುದಿಲ್ಲ. ಮೇಲೆ ಅಗಲ, ಕೆಳಗೆ ಕಿರಿದಾದ ಬಿರುಕು ಅಲ್ಲಿದ್ದರೆ ಎಂಜಿನಿಯರ್ ಒಬ್ಬರನ್ನು ಕರೆಸಿ. ಅಂದ ಹಾಗೆ, ಮೊದಲು ಬರೆದವರು ನಡುಮನೆಗೆ ಮುಚ್ಚಿಗೆ ಇಲ್ಲ ಎಂದಿದ್ದೀರಿ. ಅಲ್ಲಿ ಗೋಡೆಯಿಂದ ಗೋಡೆಗೆ ಅಡ್ಡ ತೊಲೆ ಇದೆಯೇ?

ಮರಳಿ ಊರಿಗೆ
ಇಲ್ಲ ಅಣ್ಣ. ಅಡ್ಡ ಏನೂ ಇಲ್ಲದಿರುವುದೇ ಅದರ ಚೆಂದ.

ಸೋಮವಾರಪೇಟೆ ಬಡಗಿ
ಹೂಂ. ಅಟ್ಟ ಹತ್ತಿ ಬಂದು ಹೇಳಿ. ಆ ಕೋಣೆಯ ಕಡೆಯ ಗೋಡೆಯನ್ನು ವಿಶೇಷವಾಗಿ ನೋಡಿ.

ಲೀಡ್ಸ್ ಕೊಡಗಿಗ
ನಾನು ಇಂಗ್ಲೆಂಡಿನಲ್ಲಿ ಮನೆ ಕೊಂಡಾಗಿನ ವಿಷಯ ಹೇಳುತ್ತೇನೆ. ಅಲ್ಲಿ ಇದಕ್ಕೆಂದೇ ಸರ್ವೇಯರ್ ಇರುತ್ತಾರೆ. ರಾಯಲ್ ಇನ್‌ಸ್ಟಿಟ್ಯೂಷನ್ ಆಫ್ ಚಾರ್ಟರ್ಡ್ ಸರ್ವೇಯರ್ಸ್ ಎಂಬ ಸಂಸ್ಥೆ ಮೂರು ಹಂತದ ತಪಾಸಣೆ ಗೊತ್ತುಮಾಡಿದೆ. ಎರಡನೇ ಹಂತದಲ್ಲಿ ಅಟ್ಟಕ್ಕೆ ಸುರಕ್ಷಿತವಾದ ದಾರಿಯಿದ್ದರೆ ಒಳಗೆ ಕಣ್ಣಾಡಿಸುತ್ತಾರೆ, ಆದರೆ ಚಳಿಗೆಂದು ಹಾಸಿದ ಉಣ್ಣೆಯಂಥ ಹಾಸನ್ನು ಎತ್ತಿ ನೋಡುವುದಿಲ್ಲ. ಹಳೆಯ ಅಥವಾ ತಿದ್ದಿ ಕಟ್ಟಿದ ಮನೆಗೆ ಮೂರನೇ ಹಂತವೇ ಒಳ್ಳೆಯದು. ನಮ್ಮದು ಸಾಲುಮನೆ. ವರದಿಯಲ್ಲಿ ಏನು ಬಂತು ಗೊತ್ತೇ? ನಮ್ಮ ಅಟ್ಟಕ್ಕೂ ಪಕ್ಕದ ಮನೆಯ ಅಟ್ಟಕ್ಕೂ ನಡುವೆ ಗೋಡೆಯೇ ಇರಲಿಲ್ಲ! ಅಲ್ಲಿ ಬೆಂಕಿ ಹೊತ್ತಿದರೆ ನೇರವಾಗಿ ನಮ್ಮ ತಲೆಯ ಮೇಲೆ. ಕೊನೆಗೆ ಬೆಲೆಯಲ್ಲಿ ಸ್ವಲ್ಪ ಇಳಿಸಿ ಗೋಡೆ ಕಟ್ಟಿಸಿಕೊಂಡೆವು.

ಅಲ್ಲಿ ಅಟ್ಟದಲ್ಲಿ ಬಾವಲಿ ಇದ್ದರೆ ಓಡಿಸುವಂತಿಲ್ಲ. 1981ರ ಕಾಯ್ದೆಯೇ ಇದೆ.

ತೋಟದ ಲೆಕ್ಕಿಗ
ಇಲ್ಲಿ ಬಾವಲಿ ಮನೆಯವರನ್ನು ಓಡಿಸುತ್ತದೆ. ಕಾಯ್ದೆ ಇಲ್ಲ.

ಕಕ್ಕಬೆ ಜೇನು
ನಗಬೇಡಿ, ಹಿಕ್ಕೆಯ ವಿಷಯ ಗಂಭೀರ. ಬಾವಲಿ ಹಿಕ್ಕೆ ಬೆರಳಲ್ಲಿ ಒತ್ತಿದರೆ ಹುಡಿಯಾಗುತ್ತದೆ, ಒಳಗೆ ಹುಳುಗಳ ರೆಕ್ಕೆ ಮಿನುಗುತ್ತದೆ. ಇಲಿಯದು ಗಟ್ಟಿ. ಆದರೆ ಕೈಯಿಂದ ಮುಟ್ಟಲು ಹೋಗಬೇಡಿ, ಕಡ್ಡಿಯಿಂದ ಒತ್ತಿ, ಮೂಗಿಗೆ ಮಾಸ್ಕ್ ಹಾಕಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಇಲಿ ಇದ್ದರೆ ವೈರ್ ಕಡೆಗೂ ಟಾರ್ಚ್ ಹಾಕಿ. ನಮ್ಮ ಅಟ್ಟದಲ್ಲಿ ಮರದ ಪಟ್ಟಿಯೊಳಗಿನ ಹಳೆಯ ವೈರಿಂಗ್ ಇತ್ತು, ಮೇಲಿನ ಪ್ಲಾಸ್ಟಿಕ್ ಪೂರ್ತಿ ಇಲಿ ತಿಂದು ತಾಮ್ರ ಹೊಳೆಯುತ್ತಿತ್ತು. ಪಕ್ಕದಲ್ಲಿಯೇ ಒಣ ಹುಲ್ಲು. ಮನೆ ಅದು ಹೇಗೆ ಉಳಿಯಿತೋ ಇಗ್ಗುತ್ತಪ್ಪನಿಗೇ ಗೊತ್ತು.

ಹಳೆಯ ಕಾಗದ
ಬಡಗಿಯವರು ಮಂಗಳೂರು ಹೆಂಚಿನ ಮಾತೆತ್ತಿದ್ದರಿಂದ ಒಂದು ಉಪಾಯ. ಅಟ್ಟದಲ್ಲಿ ಹೆಂಚಿನ ಒಳಮೈ ಮೇಲೆ ಕಾರ್ಖಾನೆಯ ಮುದ್ರೆ ಕಾಣುತ್ತದೆ. ಬ್ರಿಟಿಷರು ಮಂಗಳೂರಿನಲ್ಲಿ ಹೆಂಚು ಮಾಡಲು ಶುರುಮಾಡಿದ್ದು ಯಾವಾಗ ಎಂದು ನೋಡಿಕೊಂಡರೆ ಮನೆಯ ವಯಸ್ಸು ಸಿಗುತ್ತದೆ.

ಮೇಷ್ಟ್ರು ಪೊನ್ನಂಪೇಟೆ
ಎರಡು ತಿದ್ದುಪಡಿ. ಶುರುಮಾಡಿದ್ದು ಬ್ರಿಟಿಷರಲ್ಲ, ಬಾಸೆಲ್ ಮಿಷನ್. ಅದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಸ್ಥೆ. ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ 1865ರಲ್ಲಿ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದರು. ಎರಡನೆಯದು, ಹೆಂಚಿನ ಮುದ್ರೆ ಹೆಂಚಿನ ವಯಸ್ಸು ಹೇಳುತ್ತದೆ, ಮನೆಯದಲ್ಲ. ಕೊಡಗಿನಲ್ಲಿ ಒಂದು ಮನೆ ಬಿಚ್ಚಿದ ಹೆಂಚು ಇನ್ನೊಂದು ಮನೆಗೆ ಹೋಗುವುದು ಹೊಸತೇನಲ್ಲ. ನಮ್ಮ ಮನೆಯ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹೆಂಚುಗಳಿವೆ. ಒಂದರ ಮಡಿಕೆ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ, ಸೋರುವುದೂ ಅಲ್ಲಿಯೇ. ಮುದ್ರೆ ನೋಡುವುದಾದರೆ ಅದಕ್ಕಾಗಿ ನೋಡಿ.

ಹಳೆಯ ಕಾಗದ
ತಿದ್ದಿದ್ದಕ್ಕೆ ಧನ್ಯವಾದ ಸರ್. ನಿಮ್ಮ ತರಗತಿಯಲ್ಲಿ ಕೂತ ಹಾಗಾಯಿತು.

ಸುಂಟಿಕೊಪ್ಪದ ಅಕ್ಕ
ಹೆಂಚಿನ ಕೆಳಗೆ ನೀಲಿ ಟಾರ್ಪಾಲು ಹಾಸಿದ್ದರೆ? ನಮ್ಮ ಪಕ್ಕದ ಮನೆ ಮಾರುವಾಗ ಹಾಗೆಯೇ ಮಾಡಿದ್ದರು. ಕೊಂಡವರಿಗೆ ಎರಡು ಮಳೆಗಾಲ ಏನೂ ತಿಳಿಯಲಿಲ್ಲ. ಮೂರನೇ ವರ್ಷ ಟಾರ್ಪಾಲಿನ ಮೇಲೆ ನಿಂತ ನೀರಿನಲ್ಲಿ ರೀಪುಗಳೆಲ್ಲ ಕೊಳೆತು, ಒಂದು ರಾತ್ರಿ ಅರ್ಧ ಮಾಡು ಹಾಸಿಗೆಯ ಪಕ್ಕಕ್ಕೆ ಬಂತು.

ಸೋಮವಾರಪೇಟೆ ಬಡಗಿ
ಅಕ್ಕ ಹೇಳಿದ್ದು ನೂರಕ್ಕೆ ನೂರು. ಮರಕ್ಕೆ ನೀರು ಬೀಳುವುದಕ್ಕಿಂತ ಬಿದ್ದ ನೀರು ಆರದೇ ಇರುವುದು ಕೆಟ್ಟದ್ದು. ಮರದ ತೇವಾಂಶ ಶೇಕಡಾ 20 ದಾಟಿ ಹಾಗೆಯೇ ನಿಂತರೆ ಕೊಳೆಸುವ ಶಿಲೀಂಧ್ರ ಬೇರು ಬಿಡುತ್ತದೆ. ಹಿಂದಿನವರ ಅಡುಗೆಮನೆ ಅಟ್ಟದ ಮರ ಇನ್ನೂ ಕಬ್ಬಿಣದ ಹಾಗಿರುವುದು ಒಲೆಯ ಹೊಗೆ ಮತ್ತು ಬಿಸಿಯಿಂದ. ಗ್ಯಾಸ್ ಬಂದ ಮೇಲೆ ಅದೇ ಮರಕ್ಕೆ ಹುಳ ಬರುತ್ತಿದೆ.

ಹೊಸ ಸದಸ್ಯೆ ಮೂರ್ನಾಡು
ನಮ್ಮ ಮಾವ ಪಕಾಸಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಹುಳ ಹತ್ತಿರ ಸುಳಿಯುತ್ತಿರಲಿಲ್ಲ.

ತೋಟದ ಲೆಕ್ಕಿಗ
ಮನುಷ್ಯರೂ ಸುಳಿಯುವುದಿಲ್ಲ. ಕೈಗೆ ತಾಗಿದರೆ ಚರ್ಮ ಸುಲಿದು ಬರುತ್ತದೆ.

ನೇರಮಾತು ಗೋಣಿಕೊಪ್ಪ
ಈ ಎಲ್ಲ ರಗಳೆಗಿಂತ ಹೆಂಚು ಇಳಿಸಿ ಶೀಟ್ ಹಾಕಿಬಿಡಿ. ನಾನು ಹಾಕಿ ಒಂಬತ್ತು ವರ್ಷವಾಯಿತು.

ಕಕ್ಕಬೆ ಜೇನು
ಶೀಟಿನ ಕೆಳಗೆ ಮಳೆಗಾಲದಲ್ಲಿ ಬೆವರುತ್ತದಲ್ಲ! ನಮ್ಮ ಕಡೆ ಮಂಜು ಕವಿದ ರಾತ್ರಿ ತಗಡಿನ ಒಳಮೈಯಿಂದ ಹನಿ ಹನಿ ಬೀಳುತ್ತದೆ. ತಗಡು ತೂತಾಗಿದೆ ಎಂದು ಮೂರು ಸಲ ಕೆಲಸದವರನ್ನು ಹತ್ತಿಸಿದೆವು. ತೂತು ಎಲ್ಲಿದೆ? ಒಳಗಿನ ಬೆಚ್ಚನೆಯ ಗಾಳಿ ತಣ್ಣನೆಯ ತಗಡಿಗೆ ತಾಗಿ ನೀರಾಗುತ್ತಿತ್ತು, ಅಷ್ಟೇ. ಸೋರಿಕೆಯಾದರೆ ಮರದ ಮೇಲೆ ಒಂದೇ ಜಾಗದಲ್ಲಿ ಕಂದು ಬಳೆಯಂತೆ ಕಲೆ ಬೀಳುತ್ತದೆ. ಬೆವರಾದರೆ ಮೊಳೆಗಳ ತಲೆಯೆಲ್ಲ ತುಕ್ಕು, ಎಲ್ಲ ಕಡೆ ಒಂದೇ ರೀತಿ ತೇವ. ಮಾಡಿನ ಎರಡು ತುದಿಗೆ ಗಾಳಿಕಿಂಡಿ ಬಿಟ್ಟ ಮೇಲೆ ನಿಂತಿತು.

ನೇರಮಾತು ಗೋಣಿಕೊಪ್ಪ
ಗೋಣಿಕೊಪ್ಪದಲ್ಲಿ ಅಷ್ಟು ಮಂಜು ಇಲ್ಲ.

ಬೆಟ್ಟದ ಬುಡ
ಅದಕ್ಕೇ ಹೇಳಿದ್ದು, ಊರು ನೋಡಿ ಮಾತನಾಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಒಂದೇ ಜಿಲ್ಲೆ, ಎರಡು ಅಟ್ಟ.

ತೋಟದ ಲೆಕ್ಕಿಗ
ಕಕ್ಕಬೆ ಜೇನು ಅವರೇ, ನಿಮ್ಮ ಹೆಸರು ನೋಡಿ ನೆನಪಾಯಿತು. ಅಟ್ಟದಲ್ಲಿ ತುಡುವೆ ಜೇನು ಕೂತರೆ ಮನೆ ಕೊಳ್ಳುವವರಿಗೆ ಒಳ್ಳೆಯದೇ ಕೆಟ್ಟದ್ದೇ?

ಕಕ್ಕಬೆ ಜೇನು
ನನ್ನನ್ನು ಕೇಳಿದರೆ ಒಳ್ಳೆಯದು! 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಬಹುಪಾಲು ನೆಲಕಚ್ಚಿದಾಗ ಅಪ್ಪನ ಪೆಟ್ಟಿಗೆಗಳೆಲ್ಲ ಖಾಲಿಯಾದವು. ವರ್ಷಗಳ ನಂತರ ಮೊದಲ ಕುಟುಂಬ ಬಂದು ಕೂತದ್ದು ಪೆಟ್ಟಿಗೆಯಲ್ಲಲ್ಲ, ನಮ್ಮ ಅಟ್ಟದ ಹಳೆಯ ಮರದ ಪೆಟಾರಿಯಲ್ಲಿ. ಅಪ್ಪ ಆ ವರ್ಷ ಅಟ್ಟಕ್ಕೆ ಯಾರನ್ನೂ ಹತ್ತಿಸಲಿಲ್ಲ. ಅದಕ್ಕೂ ಬೀಗ ಹಾಕಿದ್ದರು, ಅಕ್ಕನವರ ಗಮನಕ್ಕೆ.

ಸುಂಟಿಕೊಪ್ಪದ ಅಕ್ಕ
ಸರಿ ಸರಿ, ಜೇನಿಗೆ ಹಾಕಿದ ಬೀಗವನ್ನು ಕ್ಷಮಿಸಿದ್ದೇನೆ.

ಮರಳಿ ಊರಿಗೆ
ಹತ್ತಿ ಬಂದೆ. ಒಂಬತ್ತು ದಿನ ಬೆನ್ನುಹತ್ತಿದ ಮೇಲೆ ಮನೆಯ ಹಿರಿಯರೇ ಕೀಲಿ ಕೊಟ್ಟರು. ನಿಜವಾಗಿ ಅವರಿಗೆ ಬೀಗದ ವಿಷಯವೇ ಗೊತ್ತಿರಲಿಲ್ಲ, ಹಾಕಿದ್ದು ದಲ್ಲಾಳಿ. ನಿನ್ನೆ ಬೆಳಿಗ್ಗೆಯಿಂದ ಕಕ್ಕಡ ತಿಂಗಳ ಮಳೆ ಬಿಡದೆ ಹೊಡೆಯುತ್ತಿತ್ತು. ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ.

ಬಿಳಿ ಬಣ್ಣ ಹೊಡೆದ ಮೂಲೆಯ ಕೋಣೆಯ ಮೇಲೆ ಮೊದಲು ಹೋದೆ. ಮೂಗಿಗೆ ಮಾಸ್ಕ್ ಇದ್ದರೂ ವಾಸನೆ ತಡೆಯಲಾಗಲಿಲ್ಲ. ಸೋರಿಕೆ ಅಲ್ಲ, ಕಬ್ಬೆಕ್ಕು, ಪುನುಗಿನ ಜಾತಿಯ ಕಾಡುಬೆಕ್ಕು! ವರ್ಷಗಳಿಂದ ಅಲ್ಲಿಯೇ ಮಲಮೂತ್ರ ಮಾಡಿ ಹಲಗೆಯಲ್ಲಿ ಕಲೆ ಇಳಿದಿದೆ, ಅದಕ್ಕೆ ಬಣ್ಣ. ಹಿಕ್ಕೆಯ ತುಂಬ ಕಾಫಿ ಬೀಜ. ಹೆಂಚು, ಪಕಾಸು, ಎಲ್ಲ ಒಣಗಿವೆ. ಸ್ಕ್ರೂಡ್ರೈವರ್ ಎಲ್ಲಿಯೂ ಇಳಿಯಲಿಲ್ಲ. ಒಂದು ಕಡೆ ಗೆದ್ದಲಿನ ಗೆರೆ ಇತ್ತು, ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು. ನಿಟ್ಟುಸಿರು ಬಿಟ್ಟೆ.

ಆಮೇಲೆ ಬಡಗಿ ಅಣ್ಣ ಹೇಳಿದ ಹಾಗೆ ನಡುಮನೆಯ ಕಡೆಯ ಗೋಡೆಗೆ ಟಾರ್ಚ್ ಹಾಕಿದೆ. ಗೋಡೆಯ ನೆತ್ತಿಯಲ್ಲಿ ಎರಡು ತೊಲೆಯ ತುದಿಗಳು ಗೇಣುದ್ದ ಹೊರಗೆ ಚಾಚಿ ನಿಂತಿದ್ದವು. ತುದಿಯಲ್ಲಿ ಗರಗಸದ ಗುರುತು. ಎದುರಿನ ಗೋಡೆಯಲ್ಲಿಯೂ ಅದೇ ಎರಡು. ನಡುವಿನ ಭಾಗವನ್ನು ಯಾರೋ ಕೊಯ್ದು ತೆಗೆದಿದ್ದಾರೆ. ಹಿರಿಯರನ್ನು ಕೇಳಿದೆ. ಹನ್ನೆರಡು ವರ್ಷದ ಹಿಂದೆ ಮಗ ಹೋಂಸ್ಟೇ ಮಾಡುವ ಆಸೆಯಿಂದ ತೊಲೆ ಕೊಯ್ಯಿಸಿ, ಮುಚ್ಚಿಗೆ ಬಿಚ್ಚಿಸಿ ಎತ್ತರ ಮಾಡಿಸಿದನಂತೆ. ಹೊರಗಿನ ಗೋಡೆಗೆ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ಮೇಲ್ಭಾಗ ಎರಡು ಬೆರಳಿನಷ್ಟು ಹೊರಗೆ ವಾಲಿದೆ.

ಸೋಮವಾರಪೇಟೆ ಬಡಗಿ
ನನಗೆ ಅನುಮಾನ ಬಂದದ್ದು ಅದೇ. ಎರಡು ಇಸ್ಪೀಟು ಎಲೆಗಳನ್ನು ಒಂದಕ್ಕೊಂದು ಒರಗಿಸಿ ಮೇಜಿನ ಮೇಲೆ ನಿಲ್ಲಿಸಿ, ತಲೆಯ ಮೇಲೆ ಬೆರಳಿಟ್ಟು ಒತ್ತಿ. ಬುಡ ಎರಡು ಕಡೆಗೆ ಜಾರುತ್ತದೆ. ಬುಡಗಳನ್ನು ದಾರದಿಂದ ಕಟ್ಟಿದರೆ ಜಾರುವುದಿಲ್ಲ. ಮಾಡಿಗೆ ಆ ದಾರವೇ ಅಡ್ಡ ತೊಲೆ. ಅದನ್ನು ಕೊಯ್ದ ದಿನದಿಂದ ಹೆಂಚಿನ ಭಾರ ಮಣ್ಣಿನ ಗೋಡೆಯನ್ನು ಹೊರಕ್ಕೆ ನೂಕುತ್ತಿದೆ.

ಸರಿಪಡಿಸಬಹುದು. ಆದರೆ ಅದು ನನ್ನಂಥ ಬಡಗಿಯೊಬ್ಬನ ಮಾತಿನ ಮೇಲೆ ಮಾಡುವ ಕೆಲಸವಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಲಿ. ಮೊದಲು ಒಳಗಿನಿಂದ ಮಾಡಿಗೆ ಊರುಗಂಬ ಕೊಟ್ಟು, ಆಮೇಲೆ ಹೊಸ ತೊಲೆಯನ್ನೋ ಕಬ್ಬಿಣದ ಸರಳನ್ನೋ ಗೋಡೆಯಿಂದ ಗೋಡೆಗೆ ಬಿಗಿಯಬೇಕು. ವಾಲಿದ ಗೋಡೆ ಹಿಂದಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಇನ್ನಷ್ಟು ವಾಲದಂತೆ ತಡೆಯಬಹುದು ಅಷ್ಟೇ. ಅಲ್ಲಿಯವರೆಗೆ ಆ ಕೋಣೆಯಲ್ಲಿ ಹಿರಿಯರು ಮಲಗದಿರಲಿ, ಅದನ್ನು ಇಂದೇ ಹೇಳಿ.

ಮರಳಿ ಊರಿಗೆ
ಹೇಳಿದ್ದೇನೆ ಅಣ್ಣ. ಅವರ ಹಾಸಿಗೆಯನ್ನು ಜಗಲಿಯ ಪಕ್ಕದ ಕೋಣೆಗೆ ನಾನೇ ಎತ್ತಿಟ್ಟು ಬಂದೆ. ಸೋಮವಾರ ಮಡಿಕೇರಿಯಿಂದ ಎಂಜಿನಿಯರ್ ಬರುತ್ತಾರೆ. ಅವರ ಲೆಕ್ಕ ಬಂದ ಮೇಲೆ ಬೆಲೆಯ ಮಾತು. ಹಿರಿಯರೂ ಒಪ್ಪಿದ್ದಾರೆ, ದಲ್ಲಾಳಿ ಮಾತ್ರ ಫೋನ್ ಎತ್ತುತ್ತಿಲ್ಲ. ನನ್ನವಳು ಸಪ್ಪಗಾಗಿದ್ದಾಳೆ, ಅವಳಿಗೆ ಇಷ್ಟವಾದ ಕೋಣೆಗೇ ಅಡ್ಡ ತೊಲೆ ಬರುತ್ತದಲ್ಲ ಎಂದು.

ಬೆಟ್ಟದ ಬುಡ
ಮನೆಯ ಹಿಂದಿನ ಗುಡ್ಡ ನೋಡಿದಿರಾ?

ಮರಳಿ ಊರಿಗೆ
ನೋಡಿದೆ. ಹಿಂದೆ ಸಮತಟ್ಟಾದ ಗದ್ದೆ. ಗುಡ್ಡ ಅರ್ಧ ಕಿಲೋಮೀಟರ್ ಆಚೆ ಇದೆ.

ಬೆಟ್ಟದ ಬುಡ
ಹಾಗಾದರೆ ಸರಿ. ಗದ್ದೆಯ ನೀರು ಅಂಗಳಕ್ಕೆ ಏರುತ್ತದೆಯೇ ಎಂದು ಪಕ್ಕದವರನ್ನು ಕೇಳಿ.

ಹೊಸ ಸದಸ್ಯೆ ಮೂರ್ನಾಡು
ಕಬ್ಬೆಕ್ಕನ್ನು ಏನು ಮಾಡುತ್ತೀರಿ?

ಕಕ್ಕಬೆ ಜೇನು
ಹಿಡಿಯುವುದು, ಹೊಡೆಯುವುದು ಬೇಡ, 1972ರ ವನ್ಯಜೀವಿ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಮರಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ರಾತ್ರಿ ಅದು ಹೊರಗೆ ಹೋದ ಮೇಲೆ ದಾರಿ ಮುಚ್ಚಿ. ಮಾಡಿಗೆ ತಾಗಿದ ಕೊಂಬೆ ಇದ್ದರೆ ಕಡಿಸಿ.

ತೋಟದ ಲೆಕ್ಕಿಗ
ಅದು ಬಿಟ್ಟ ಕಾಫಿ ಬೀಜವನ್ನು ಎಸೆಯಬೇಡಿ, ಪೇಟೆಯಲ್ಲಿ ಅದಕ್ಕೆ ಚಿನ್ನದ ಬೆಲೆ ಎನ್ನುತ್ತಾರೆ. ತೊಲೆಯ ಖರ್ಚು ಅಲ್ಲಿಯೇ ಹುಟ್ಟಬಹುದು.

ಸುಂಟಿಕೊಪ್ಪದ ಅಕ್ಕ
ಥೂ, ಊಟದ ಹೊತ್ತಿನಲ್ಲಿ ಓದಿದೆನಲ್ಲ! ಅದಿರಲಿ, ದಲ್ಲಾಳಿ ಹೇಳಿದ ಹಳೆಯ ಪಾತ್ರೆಗಳು ನಿಜವಾಗಿ ಇದ್ದವೇ?

ಮರಳಿ ಊರಿಗೆ
ಇದ್ದವು ಅಕ್ಕ. ಎರಡು ತಾಮ್ರದ ಹಂಡೆ, ಒಂದು ಜಾಡಿ ತುಂಬ ಕಾಚಂಪುಳಿ, ಅಡುಗೆಗೆ ಹಾಕುವ ನಮ್ಮ ಕೊಡಗಿನ ಕಪ್ಪು ಹುಳಿ. ಎಷ್ಟು ವರ್ಷದ್ದೋ, ಟಾರಿನ ಹಾಗೆ ಕಪ್ಪಾಗಿ ಗಟ್ಟಿಯಾಗಿದೆ. ಹಿರಿಯರು ಒಂದು ಬಾಟಲಿಗೆ ಹಾಕಿ ಕೊಟ್ಟು ಕಳಿಸಿದರು.